ಸೂಜಿ–ದಾರ: ಕೌದಿಯ ಒಳಗೆ ಏನು ಹಾಕಲಿ?

ಚಳಿ ಹತ್ತಿರ ಬಂದಂತೆ ಕೌದಿಯ ಪ್ರಶ್ನೆಗಳೇ ಹೆಚ್ಚು. ಈ ಸಲ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಓದುಗರು ಒಂದೇ ವಿಷಯ ಕೇಳಿದ್ದಾರೆ. ಅಂಗಡಿಯ ಫೈಬರ್ ಶೀಟ್ ತರದೆ ಮನೆಯಲ್ಲಿರುವ ಹಳೇದನ್ನೇ ಒಳಗೆ ಹಾಕಿ ಹೊಲಿದರೆ ನಡೆಯುತ್ತದೆಯೇ ಎಂದು. ಧಾರಾಳವಾಗಿ ನಡೆಯುತ್ತದೆ. ನಮ್ಮ ಕಡೆ ಕೌದಿ ಹುಟ್ಟಿದ್ದೇ ಹಳೇ ಬಟ್ಟೆಯಿಂದ. ನನ್ನದು ಒಂದೇ ಮಾತು: ಒಳಗೆ ಹಾಕುವುದನ್ನು ಆರಿಸುವಾಗ ಎಷ್ಟು ಬೆಚ್ಚಗಿದೆ ಎಂದು ಮುಟ್ಟಿ ನೋಡುವ ಮೊದಲು, ಇದನ್ನು ಒಗೆದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಮೈ ಬೆಚ್ಚಗಿಡುವುದು ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಗಾಳಿ ಹಳೇ ಸೀರೆಯ ಮಡಿಕೆಯಲ್ಲೂ ನಿಲ್ಲುತ್ತದೆ, ಹೊಸ ಶೀಟಿನಲ್ಲೂ ನಿಲ್ಲುತ್ತದೆ. ಕೌದಿ ಕೆಡುವುದು ಹೆಚ್ಚಾಗಿ ಒಗೆಯುವ ಕಲ್ಲಿನ ಮೇಲೆ ಮತ್ತು ಒಣಹಾಕುವ ತಂತಿಯ ಮೇಲೆ.

ಅಕ್ಕಾರೆ, ನಮ್ಮ ಅತ್ತೆಯವರ ಹಳೇ ಹತ್ತಿ ಸೀರೆಗಳು ಒಂದು ಟ್ರಂಕ್ ತುಂಬ ಇವೆ. ಅದರಲ್ಲೇ ನನ್ನ ಸಿಂಥೆಟಿಕ್ ಸೀರೆಗಳು, ಯಜಮಾನರ ಪಂಚೆಗಳು, ಸವೆದ ಟರ್ಕಿ ಟವೆಲ್‌ಗಳೂ ಸೇರಿಕೊಂಡಿವೆ. ಮನೆಯಲ್ಲಿ ಹೊಲಿಗೆ ಮಷಿನ್ ಇದೆ. ಒಬ್ಬರು ಹೊದೆಯುವ ಕೌದಿಗೆ ಎಷ್ಟು ಸೀರೆ ಬೇಕು? ಎಲ್ಲವನ್ನೂ ಬೆರೆಸಿ ಹಾಕಬಹುದಾ?
– ಗೃಹಿಣಿ, ಹರಿಹರ

ಬೆರೆಸಬೇಡಿ ತಂಗಿ. ಹತ್ತಿ ಒಗೆದಾಗ ಕುಗ್ಗುತ್ತದೆ, ಸಿಂಥೆಟಿಕ್ ಕುಗ್ಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೊಲಿದರೆ ಕುಗ್ಗಿದ ಪದರ ಕುಗ್ಗದ ಪದರವನ್ನು ಎಳೆಯುತ್ತದೆ, ಕೌದಿ ಅಲ್ಲಲ್ಲಿ ಸುಕ್ಕುಗಟ್ಟಿ ಉಬ್ಬಿಕೊಳ್ಳುತ್ತದೆ. ಇಸ್ತ್ರಿ ಹಾಕಿದರೂ ಆ ಸುಕ್ಕು ಹೋಗುವುದಿಲ್ಲ. ಟ್ರಂಕ್ ಬರಿದು ಮಾಡಿ ಎರಡು ರಾಶಿ ಮಾಡಿಕೊಳ್ಳಿ. ಕೈಗೆ ಗೊತ್ತಾಗದ ಬಟ್ಟೆ ಇದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ.

ಈಗ ಲೆಕ್ಕ. ಸೀರೆಯ ಉದ್ದ ಸುಮಾರು 5.5 ಮೀಟರ್. ಅದನ್ನು ಅಡ್ಡಕ್ಕೆ ನಾಲ್ಕು ಸಮ ತುಂಡು ಮಾಡಿದರೆ ಒಂದೊಂದೂ ನಾಲ್ಕೂವರೆ ಅಡಿ. ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ, ಪನ್ನ (ಸೀರೆಯ ಅಗಲ) ಎರಡರಷ್ಟಾಗುವಂತೆ ಜೋಡಿಸಿದರೆ ನಾಲ್ಕೂವರೆ ಅಡಿ ಅಗಲ, ಏಳು ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ. ಒಬ್ಬರು ಹೊದೆಯಲು ಇಷ್ಟು ಸಾಕು. ಅಂದರೆ ಒಂದು ಸೀರೆಯಿಂದ ಎರಡು ಪದರ ಸಿಗುತ್ತದೆ. ಒಳಗೆ ನಾಲ್ಕು ಪದರ ಹಾಕಿದರೆ ಬೇಸಿಗೆ, ಮಳೆಗಾಲಕ್ಕೆ ಸರಿ. ಚಳಿಗೆ ಆರು. ಎರಡು ಸೀರೆ ಅಥವಾ ಮೂರು ಸೀರೆ ಎಂದಾಯಿತು. ಆರಕ್ಕಿಂತ ಹೆಚ್ಚು ಹಾಕುವ ಆಸೆ ಬೇಡ. ನೀರು ಕುಡಿದ ಮೇಲೆ ಅದನ್ನು ಬಕೆಟ್‌ನಿಂದ ಎತ್ತಬೇಕಾದವರು ನೀವೇ, ಹಿಂಡಲು ಇಬ್ಬರು ಬೇಕಾಗುತ್ತದೆ.

ಕತ್ತರಿಸುವ ಮೊದಲು ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿ. ದಿನಬಳಕೆಯ ಹತ್ತಿ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಕಡೆ, ಕೂತೂ ಕೂತೂ ತಿಕ್ಕಿದ ಹಿಂಭಾಗ, ಕಾಲಿಗೆ ತಾಗುವ ಕೆಳಗಿನ ಅಂಚು ಜಾಳಾಗಿರುತ್ತವೆ. ನೆರಿಗೆಯ ಒಳಭಾಗ ಹೊಸದರಂತೆಯೇ ಉಳಿದಿರುತ್ತದೆ. ಎರಡು ಹೆಬ್ಬೆರಳನ್ನು ಹತ್ತಿರ ಇಟ್ಟು ಬಟ್ಟೆಯನ್ನು ಅಡ್ಡಕ್ಕೆ ಎಳೆಯಿರಿ. ಎಳೆ ಬಿಡುವ ಚರ್ ಸದ್ದು ಕೇಳಿಸಿದರೆ ಆ ಭಾಗ ಕೌದಿಯ ನಡುವಿನ ಪದರಕ್ಕೆ. ಗಟ್ಟಿಯಾಗಿ ನಿಂತರೆ ಮೇಲಕ್ಕೂ ಅಸ್ತರಿಗೂ ಇಟ್ಟುಕೊಳ್ಳಿ. ಸೀರೆಯ ಫಾಲ್ ಮರೆಯದೆ ಬಿಚ್ಚಿ. ಹಳೇ ಫಾಲ್ ಬೇರೆ ರೀತಿ ಕುಗ್ಗಿ, ಕೌದಿಯ ಒಳಗೆ ದಾರದ ಹಾಗೆ ಉಬ್ಬಿ ಕಾಣುತ್ತದೆ.

ಹಳೇ ಹತ್ತಿ ಸೀರೆ ಬಹುಮಟ್ಟಿಗೆ ಆಗಲೇ ಕುಗ್ಗಿರುತ್ತದೆ. ಹೊಸ ಬಟ್ಟೆ ಹಾಗಲ್ಲ. ಮೇಲ್ಪದರಕ್ಕೆ ಹೊಸ ಹತ್ತಿ ಬಟ್ಟೆ ತರುವುದಾದರೆ ಮೊದಲು ಒಗೆದು ಒಣಗಿಸಿ. ಹೊಸ ಹತ್ತಿ ಮೊದಲ ಒಗೆತಕ್ಕೆ ಶೇ. 3ರಿಂದ 5ರಷ್ಟು ಕುಗ್ಗಬಹುದು. ಏಳು ಅಡಿಗೆ ಲೆಕ್ಕ ಹಾಕಿದರೆ ಎರಡೂವರೆಯಿಂದ ನಾಲ್ಕು ಇಂಚು.

ಪದರ ಹಾಸುವಾಗ ಒಂದು ಪದರದ ಜೋಡಣೆ ಇನ್ನೊಂದರ ಜೋಡಣೆಯ ಮೇಲೆ ಬರದಂತೆ ಒಂದು ಗೇಣು ಆಚೀಚೆ ಸರಿಸಿ. ಒಂದರ ಮೇಲೊಂದು ಬಂದರೆ ಅಲ್ಲಿ ದಿಂಡು ಕಟ್ಟಿ ಸೂಜಿ ಮುರಿಯುತ್ತದೆ. ನೆಲದ ಮೇಲೆ ಹಾಸಿ, ಕೈಯಿಂದ ಸವರಿ, ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡು, ಮಷಿನ್‌ನಲ್ಲಾದರೆ ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತ ಹೋಗಿ. ಸುಕ್ಕು ಹೊರಗೆ ಸರಿದುಹೋಗುತ್ತದೆ. ಕೈಹೊಲಿಗೆಯವರ ದಾರಿ ಬೇರೆ ಇರಬಹುದು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಹಾಗೆ ಹೊಲಿದ ಕೌದಿ ಎಷ್ಟು ಸಪಾಟಾಗಿ ಕೂಡುತ್ತದೆ ಎನ್ನುವುದನ್ನು ಕಣ್ಣಾರೆ ನೋಡಬೇಕು. ಸೀರೆ ನೇಯ್ದ ಬಟ್ಟೆ, ಒಳಗೆ ಜರುಗುವುದಿಲ್ಲ. ಹಾಗಾಗಿ ಹೊಲಿಗೆಯ ಸಾಲುಗಳ ನಡುವೆ ನಾಲ್ಕು ಇಂಚು ಬಿಟ್ಟರೂ ನಡೆಯುತ್ತದೆ. ಚೆಂದಕ್ಕೆ ಹತ್ತಿರ ಹೊಲಿಯುವುದು ನಿಮ್ಮಿಷ್ಟ.

ಪಂಚೆ ಸೀರೆಗಿಂತಲೂ ಒಳ್ಳೆಯದು, ಬಣ್ಣ ಬಿಡುವ ಭಯವಿಲ್ಲ. ಟರ್ಕಿ ಟವೆಲ್ ಒಂದೇ ಪದರ ಸಾಕು, ಅದೂ ಸವೆದದ್ದು. ತುಂಬ ನೀರು ಕುಡಿಯುತ್ತದೆ, ಬೇಗ ಒಣಗುವುದಿಲ್ಲ. ಸಿಂಥೆಟಿಕ್ ರಾಶಿಯಿಂದ ಬೇರೆಯೇ ಒಂದು ಕೌದಿ ಮಾಡಿ, ಮೇಲೂ ಕೆಳಗೂ ಒಳಗೂ ಸಿಂಥೆಟಿಕ್. ಬಸ್ಸಿನ ಪ್ರಯಾಣಕ್ಕೆ ಹಗುರ, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ಮೈಗಂಟುತ್ತದೆ. ಅಡುಗೆಮನೆಯಲ್ಲಿ ಮಲಗುವವರಿಗೆ ಅದನ್ನು ಕೊಡಬೇಡಿ.

ನಮ್ಮ ತಂದೆಯವರ ಕಾಲದ ಕಂಬಳಿ ನಡುವೆ ಹರಿದಿದೆ. ಬಿಸಾಕಲು ಮನಸ್ಸು ಬರುವುದಿಲ್ಲ. ಕೌದಿಯ ಒಳಗೆ ಹಾಕಬಹುದೇ ಮೇಡಂ? ಚುಚ್ಚುತ್ತದೆ ಎನ್ನುತ್ತಾಳೆ ಹೆಂಡತಿ.
– ನಿವೃತ್ತ ನೌಕರ, ಚಳ್ಳಕೆರೆ

ನಿಮ್ಮ ಮನೆಯವರು ಹೇಳುವುದು ಸರಿ, ನೀವು ಉಳಿಸಿಕೊಳ್ಳುವುದೂ ಸರಿ. ಕೈಮಗ್ಗದ ಕಂಬಳಿಯ ನೂಲಿಗೆ ನಮ್ಮ ಕಡೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡುತ್ತಾರೆ. ಒಳಗೆ ಹಾಕುವ ಮೊದಲು ಆ ಗಂಜಿ ಬಿಡಬೇಕು. ಇಲ್ಲದಿದ್ದರೆ ಹುಳು ಬರುತ್ತದೆ, ಮೊದಲ ಸಲ ನೆನೆದಾಗ ಮೇಲಿನ ಬಟ್ಟೆಗೂ ಅಂಟಂಟಾಗುತ್ತದೆ. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಾಬೂನು ಹಾಕಿ ಬಿಸಿನೀರಿನಲ್ಲಿ ತುಳಿದು, ನೀರು ತಿಳಿಯಾಗುವವರೆಗೆ ಜಾಲಿಸಿ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲಿರುವಂಥ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಹೊದೆಯುವ ಒಳ್ಳೇ ಕಂಬಳಿಗೆ ಇದು ಕೇಡು. ಒಳಗೆ ಸೇರುವ ಹರಿದ ಕಂಬಳಿಗೆ ಇದೇ ಬೇಕಾದದ್ದು, ಏಕೆಂದರೆ ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡುತ್ತದೆ, ಕತ್ತರಿಸಿದ ಅಂಚೂ ಎಳೆ ಬಿಡುವುದು ಕಡಿಮೆಯಾಗುತ್ತದೆ.

ಹರಿದ ಜಾಗದಲ್ಲಿ ಅಂಚುಗಳನ್ನು ಒಂದರ ಮೇಲೊಂದು ಹೇರಬೇಡಿ, ಎದುರುಬದುರು ತಂದು ಅಡ್ಡ ಹೊಲಿಗೆ ಹಾಕಿ. ಮೇಲೆ ಕೆಳಗೆ ಎರಡೂ ಕಡೆ ಒತ್ತು ನೇಯ್ಗೆಯ ಹಳೇ ಬೆಡ್‌ಶೀಟ್ ಹಾಕಿ, ತೆಳು ಸೀರೆ ಬೇಡ. ಕಂಬಳಿಯ ಬಿರುಸು ಕೂದಲು ತೆಳು ಬಟ್ಟೆಯನ್ನು ತೂರಿಕೊಂಡು ಹೊರಗೆ ಬರುತ್ತದೆ, ಚುಚ್ಚುವುದು ಅದೇ. ಕಂಬಳಿ ಒಂದೇ ಸಾಕು, ಬೇರೆ ಪದರ ಬೇಡ. ಆರು ಇಂಚಿಗೊಂದು ಸಾಲು ಹೊಲಿಯಿರಿ. ಆಮೇಲೆ ಇದನ್ನು ಪದೇ ಪದೇ ಒಗೆಯಬೇಡಿ, ಬಿಸಿಲಿಗೆ ಹಾಕಿ ಕೊಡವಿ. ಕೂಡಿಡುವಾಗ ಒಣಗಿದ ಬೇವಿನೆಲೆ ಇಡಿ, ಪೂರ್ತಿ ಒಣಗಿರಬೇಕು.

ಒಂದು ಕೋರಿಕೆ. ಹರಿಯದ ಕಂಬಳಿಗೆ ಯಾರೂ ಇದಕ್ಕಾಗಿ ಕತ್ತರಿ ಹಾಕಬೇಡಿ. ಗದ್ದಿಗೆ ಹಾಸುವುದಕ್ಕೆ ಕಂಬಳಿಯೇ ಬೇಕು, ಅದನ್ನು ಮಗ್ಗದಲ್ಲಿ ನೇಯುವ ಕೈಗಳು ಕಡಿಮೆಯಾಗುತ್ತಿವೆ.

ಟೀಚರ್, ನಮ್ಮ ಅಜ್ಜ ಹತ್ತಿ ಮಿಲ್ಲಿನಲ್ಲಿದ್ದವರು. ಅವರು ಮಾಡಿಸಿದ್ದ ಗಾದಿ ಈಗ ಗಂಟುಗಂಟಾಗಿದೆ. ಆ ಹತ್ತಿಯನ್ನು ಹಿಂಜಿಸಿ ಎರಡು ರಜಾಯಿ ಮಾಡಿಸಬೇಕೆಂದಿದ್ದೇನೆ. ಬಟ್ಟೆಗಿಂತ ಹತ್ತಿಯೇ ಬೆಚ್ಚಗಲ್ಲವೇ?
– ಓದುಗರು, ವಿನೋಬನಗರ, ದಾವಣಗೆರೆ

ಬೆಚ್ಚಗಿರುವುದು ನಿಜ. ಉಬ್ಬಿದ ಹತ್ತಿಯಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಹತ್ತಿ ನಿಮ್ಮ ಮನೆಯಲ್ಲಿ ಉಳಿದಿದೆ ಎಂದು ಓದಿಯೇ ನನಗೆ ಖುಷಿಯಾಯಿತು. ಆದರೂ ಬಿಡಿ ಹತ್ತಿಯ ಗುಣ ತಿಳಿದು ಕೈಹಾಕಿ.

ಮೊನ್ನೆ ನಮ್ಮ ಹೊಲಿಗೆ ತರಗತಿಗೆ ಒಬ್ಬರು ಹಳೇ ರಜಾಯಿ ತಂದಿದ್ದರು. ಮೂಲೆಯ ಹೊಲಿಗೆ ಬಿಚ್ಚಿ ಎಲ್ಲರಿಗೂ ತೋರಿಸಿದೆ. ಹೊಲಿಗೆಯ ಸಾಲುಗಳು ಒಂದು ಗೇಣು ದೂರ ದೂರ ಇದ್ದವು. ಪ್ರತಿ ಪಟ್ಟೆಯ ಕೆಳತುದಿಯಲ್ಲಿ ಹತ್ತಿಯೆಲ್ಲ ಸರಿದು ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿ ಕೂತಿತ್ತು. ಮೇಲಿನ ಅರ್ಧದಲ್ಲಿ ಬರೀ ಎರಡು ಬಟ್ಟೆ, ನಡುವೆ ಏನೂ ಇಲ್ಲ. ಒಗೆದು ತಂತಿಗೆ ಉದ್ದಕ್ಕೆ ನೇತುಹಾಕಿದ್ದರ ಫಲ ಅದು. ನೆನೆದ ಹತ್ತಿ ತನ್ನ ಭಾರಕ್ಕೆ ತಾನೇ ಜಾರುತ್ತದೆ.

ಗಾದಿ ಹತ್ತಿಯನ್ನು ಹಿಂಜಿಸಿ, ಪರವಾಗಿಲ್ಲ. ಬಿಲ್ಲು ಹಿಡಿದು ಮನೆಮನೆಗೆ ಬರುತ್ತಿದ್ದ ಪಿಂಜಾರರು ಈಗ ಅಪರೂಪ, ಹಿಂಜುವ ಮಷಿನ್ ಇಟ್ಟವರು ಸಿಗುತ್ತಾರೆ. ಪ್ರತಿ ಸಲ ಹಿಂಜಿದಾಗ ಎಳೆ ತುಂಡಾಗಿ ಗಿಡ್ಡವಾಗುತ್ತದೆ, ಆದ್ದರಿಂದ ಪುಡಿ ಪುಡಿಯಾಗಿ ಉದುರುವ ಹತ್ತಿಯನ್ನು ಬಿಟ್ಟುಬಿಡಿ. ಧೂಳು ವಿಪರೀತ ಇರುತ್ತದೆ, ದಮ್ಮಿನ ತೊಂದರೆ ಇರುವವರು ಹತ್ತಿರ ನಿಲ್ಲಬಾರದು. ಹಿಂಜಿದ ಹತ್ತಿಯನ್ನು ಎರಡು ಹಳೇ ಪಂಚೆಗಳ ನಡುವೆ ಸಮವಾಗಿ ಹರಡಿ, ಮೊದಲು ಆ ಪಂಚೆಗಳನ್ನು ಹೊಲಿದು ಹಿಡಿಸಿ, ಆಮೇಲೆ ಮೇಲ್ಬಟ್ಟೆ ಹಾಕಿ. ಸಾಲುಗಳ ನಡುವೆ ಎರಡು ಇಂಚಿಗಿಂತ ಹೆಚ್ಚು ಬಿಡಬೇಡಿ, ಅಡ್ಡಕ್ಕೂ ಉದ್ದಕ್ಕೂ ಚೌಕ ಹೊಲಿಯಿರಿ. ಇಷ್ಟಾದರೂ ಅದನ್ನು ನೀರಿಗೆ ಹಾಕದಿರುವುದೇ ಒಳ್ಳೆಯದು. ಬಟನ್ ಇಟ್ಟು ಒಂದು ಗವಸು ಹೊಲಿದುಬಿಡಿ, ಗವಸು ಒಗೆಯಿರಿ, ರಜಾಯಿಯನ್ನು ಬಿಸಿಲಿಗೆ ಹಾಸಿ.

ಮೆಕ್ಕೆಜೋಳದ ಕಣ ಕಾಯಲು ರಾತ್ರಿ ಹೊಲದಲ್ಲೇ ಮಲಗುತ್ತೇವೆ. ಮನೆಯಲ್ಲಿ ಅಕ್ಕಿಚೀಲ, ಗೊಬ್ಬರದ ಚೀಲ, ಟಿ.ವಿ. ಜೊತೆ ಬಂದ ಫೋಮ್ ಬೇಕಾದಷ್ಟಿವೆ. ಅವನ್ನೇ ಒಳಗೆ ಹಾಕಿ ದಪ್ಪನೆಯ ಕೌದಿ ಹೊಲಿಯಬಹುದಾ?
– ರೈತ, ಜಗಳೂರು

ಗೊಬ್ಬರದ ಚೀಲ ಬೇಡವೇ ಬೇಡ ಅಣ್ಣ, ಎಷ್ಟೇ ತೊಳೆದರೂ ಬೇಡ. ಅದು ಮೈಮೇಲೆ ಹಾಕುವ ವಸ್ತುವಲ್ಲ. ಪ್ಲಾಸ್ಟಿಕ್ ಅಕ್ಕಿಚೀಲ ಬೆವರನ್ನು ಹೊರಗೆ ಬಿಡುವುದಿಲ್ಲ, ಬೆಳಗಿನ ಜಾವ ಒಳಗೇ ತೇವ ನಿಂತು ಇನ್ನಷ್ಟು ಚಳಿ ಹಿಡಿಯುತ್ತದೆ. ಫೋಮ್ ಕೆಲವು ದಿನ ಮೆತ್ತಗಿದ್ದು ಆಮೇಲೆ ಪುಡಿಯಾಗುತ್ತದೆ.

ನಿಮಗೆ ಬೇಕಾದದ್ದು ಮೇಲಿನ ದಪ್ಪಕ್ಕಿಂತ ಕೆಳಗಿನ ದಪ್ಪ. ಹೊಲದಲ್ಲಿ ಚಳಿ ನೆಲದಿಂದ ಏರುತ್ತದೆ, ಹೊದ್ದದ್ದು ಬೆನ್ನಿನ ಕೆಳಗೆ ಅಮುಕಿ ಚಪ್ಪಟೆಯಾಗಿರುತ್ತದೆ. ಕೆಳಗೆ ತಾಡಪಾಲು, ಅದರ ಮೇಲೆ ಸೆಣಬಿನ ಗೋಣಿಚೀಲ ಬಿಚ್ಚಿ ಎರಡು ಮಡಿಕೆ ಹಾಸಿ, ಅದರ ಮೇಲೆ ಕೌದಿ. ಗೋಣಿಯನ್ನು ಕೌದಿಯೊಳಗೆ ಹೊಲಿಯಬೇಡಿ, ನೆನೆದರೆ ನಾರುತ್ತದೆ, ಎಳೆ ಉದುರಿಸುತ್ತದೆ. ಬೇರೆಯಾಗಿಯೇ ಇರಲಿ, ಬೆಳಿಗ್ಗೆ ಕೊಡವಿ ಒಣಹಾಕಬಹುದು. ಹೊದೆಯಲು ಹಳೇ ರಗ್ಗು ಒಳಗಿಟ್ಟು ಎರಡು ಕಡೆ ಗಟ್ಟಿ ಬೆಡ್‌ಶೀಟ್ ಹೊಲಿದರೆ ಸಾಕು.

ಮಗಳ ಬಾಣಂತನ ನಮ್ಮಲ್ಲೇ. ಹುಟ್ಟುವ ಮೊಮ್ಮಗುವಿಗೆ ನನ್ನ ಹಳೇ ಸೀರೆಗಳಲ್ಲಿ ದಪ್ಪನೆ ಕೌದಿ ಹೊಲಿಯಬೇಕೆಂಬ ಆಸೆ. ಒಳಗೆ ಏನು ಹಾಕಿದರೆ ಮೆತ್ತಗಿರುತ್ತದೆ?
– ಅಜ್ಜಿಯಾಗುವವರು, ಹೊಳಲ್ಕೆರೆ

ದಪ್ಪವೂ ಬೇಡ, ತೀರಾ ಮೆತ್ತಗೂ ಬೇಡ ಅಮ್ಮ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಸಡಿಲ ಹೊದಿಕೆ ಹಾಕಬಾರದು, ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯ ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಮೆತ್ತನೆಯ ಹಾಸಿನಲ್ಲಿ ಮುಖ ಹೂತುಕೊಳ್ಳುವುದೂ ಅಷ್ಟೇ ಅಪಾಯ. ಆದ್ದರಿಂದ ಕೆಳಗೆ ಹಾಸುವ ತೆಳುವಾದ, ಸಪಾಟಾದ ಪುಟ್ಟ ಕೌದಿಗಳನ್ನು ಹೊಲಿಯಿರಿ. ಎರಡು ಅಡಿ ಅಗಲ, ಮೂರು ಅಡಿ ಉದ್ದ. ಒಳಗೆ ಎರಡು ಪದರ ಸವೆದ ಪಂಚೆ, ಮೇಲೆ ಕೆಳಗೆ ನಿಮ್ಮ ಮೃದುವಾದ ಸೀರೆ, ಎಲ್ಲವೂ ಹತ್ತಿ. ಒಂದು ದೊಡ್ಡದರ ಬದಲು ಹಲವು ಸಣ್ಣವು ಇರಲಿ. ಉಚ್ಚೆ ಮಾಡಿದಾಗ ಒಂದು ಒಣಗುವಷ್ಟರಲ್ಲಿ ಇನ್ನೊಂದು ಕೈಗೆ ಸಿಗಬೇಕು.

ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಹೊಲಿಯಲು ಕೆಲವರು ಹೇಳುತ್ತಾರೆ. ಬೇಡ. ರಬ್ಬರ್ ಶೀಟ್ ಬೇರೆಯಾಗಿ ಕೆಳಗಿರಲಿ. ಜರಿ ಅಂಚು, ಗುಂಡಿ, ಮಣಿ ಯಾವುದೂ ಬೇಡ. ದಾರದ ಗಂಟನ್ನು ಪದರದ ಒಳಗೆ ಎಳೆದು ಮುಚ್ಚಿ, ಉದ್ದನೆಯ ಸಡಿಲ ಹೊಲಿಗೆ ಬಿಡಬೇಡಿ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ನಿಮ್ಮ ಸೀರೆಯ ಮೇಲೆ ಮಗು ಮಲಗುವುದು ನನಗೂ ತುಂಬ ಪ್ರಿಯವಾದ ವಿಷಯ. ಮಗುವಿಗೆ ನಾಲ್ಕೈದು ವರ್ಷವಾದಾಗ ಹೊದೆಯುವ ದೊಡ್ಡ ಕೌದಿ ಹೊಲಿದುಕೊಡಿ. ಅದಕ್ಕಾಗಿ ಈಗಲೇ ಸೀರೆ ಎತ್ತಿಡಿ.

ಹಾಸ್ಟೆಲ್‌ನಲ್ಲಿದ್ದೇನೆ, ಮಷಿನ್ ಇಲ್ಲ, ಹೊಲಿಗೆ ಅಷ್ಟಕ್ಕಷ್ಟೆ. ತೂತು ಬಿದ್ದ ಫ್ಲೀಸ್ ಬ್ಲಾಂಕೆಟ್ ಒಂದಿದೆ. ಕೋಟೆಯ ಕಡೆಯಿಂದ ಬರುವ ಗಾಳಿಗೆ ರಾತ್ರಿ ನಿದ್ದೆ ಬರುವುದಿಲ್ಲ ಅಕ್ಕ.
– ವಿದ್ಯಾರ್ಥಿನಿ, ಚಿತ್ರದುರ್ಗ

ಫ್ಲೀಸಿನಲ್ಲಿ ಗಾಳಿ ಸುಲಭವಾಗಿ ತೂರುತ್ತದೆ, ಅದಕ್ಕೇ ಚಳಿ. ಎರಡು ಕಡೆ ಒತ್ತು ನೇಯ್ಗೆಯ ಬೆಡ್‌ಶೀಟ್ ಹಾಕಿಬಿಟ್ಟರೆ ಅದೇ ಫ್ಲೀಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಲೀಸ್ ಕುಗ್ಗುವುದಿಲ್ಲವಲ್ಲ, ಹಾಗಾಗಿ ಬೆಡ್‌ಶೀಟ್‌ಗಳು ಹಲವು ಸಲ ಒಗೆದ ಹಳೆಯವೇ ಆಗಿರಲಿ. ತೂತನ್ನು ಹೊಲಿಯಲೂ ಬೇಕಿಲ್ಲ, ಇನ್ನೊಂದು ಫ್ಲೀಸ್ ತುಂಡು ಅಲ್ಲಿಟ್ಟು ನಾಲ್ಕು ಟಾಕಿ ಹಾಕಿ, ಅಂಚು ಎಳೆ ಬಿಡುವುದಿಲ್ಲ.

ಸಾಲು ಹೊಲಿಗೆ ಬೇಡ, ಗಂಟು ಹಾಕಿ. ಮೂರೂ ಪದರ ಸರಿಯಾಗಿ ಹಾಸಿ, ದಪ್ಪ ಸೂಜಿಗೆ ಗಟ್ಟಿ ಹತ್ತಿ ದಾರ ಎರಡೆಳೆ ಪೋಣಿಸಿ, ಮೇಲಿನಿಂದ ಕೆಳಗೆ ಚುಚ್ಚಿ ಒಂದು ಗೋಧಿಕಾಳಿನಷ್ಟು ಪಕ್ಕದಲ್ಲಿ ಮೇಲಕ್ಕೆ ತೆಗೆಯಿರಿ. ಎರಡು ತುದಿ ಸೇರಿಸಿ ಬಿಗಿಯಾಗಿ ಎರಡು ಗಂಟು, ಅರ್ಧ ಇಂಚು ಬಿಟ್ಟು ಕತ್ತರಿಸಿ. ಒಂದು ಗೇಣಿಗೊಂದು ಗಂಟು ಸಾಕು, ಫ್ಲೀಸ್ ಒಂದೇ ಹಾಳೆಯಾದ್ದರಿಂದ ಜರುಗುವುದಿಲ್ಲ. ಕೊನೆಗೆ ನಾಲ್ಕೂ ಅಂಚು ಮಡಿಚಿ ಹೊಲಿಯಿರಿ. ಒಂದು ಭಾನುವಾರದ ಕೆಲಸ, ರೂಮಿನ ಗೆಳತಿಯನ್ನೂ ಕೂರಿಸಿಕೊಂಡರೆ ಬೇಗ ಮುಗಿಯುತ್ತದೆ. ಬಿಸಿ ಇಸ್ತ್ರಿ ಮಾತ್ರ ತಾಗಿಸಬೇಡಿ, ಒಳಗೆ ಕರಗುತ್ತದೆ.

ನಮ್ಮ ತೋಟದಲ್ಲಿ ಬೂರುಗದ ಮರವಿದೆ. ಅದರ ಹತ್ತಿ ಕೌದಿಗೆ ಆಗುತ್ತದೆಯೇ?
– ಓದುಗರು, ಹಿರಿಯೂರು

ಆಗದು. ಬೂರುಗದ ಎಳೆ ಗಿಡ್ಡ, ಮೇಣ ಹಚ್ಚಿದಂತೆ ನುಣುಪು, ಒಂದಕ್ಕೊಂದು ಹಿಡಿಯುವುದೇ ಇಲ್ಲ. ಎಷ್ಟು ಹತ್ತಿರ ಹೊಲಿದರೂ ಸೂಜಿಯ ತೂತಿನಿಂದ ಹೊರಗೆ ಬರುತ್ತದೆ. ದಿಂಬಿಗೆ ಹಾಕಿ, ಅದಕ್ಕೆ ಅದರಂಥದ್ದು ಇನ್ನೊಂದಿಲ್ಲ. ಒತ್ತು ನೇಯ್ಗೆಯ ಬಟ್ಟೆಯಲ್ಲಿ ತುಂಬಿ, ಹೊರಗೊಂದು ಗವಸು ಹಾಕಿ.

ಅತ್ತೆಯವರ ಕೆಂಪು ಇಳಕಲ್ ಸೀರೆಯನ್ನು ಬಿಳಿ ಪಂಚೆಗಳ ನಡುವೆ ಹಾಕಿದರೆ ಬಣ್ಣ ಹತ್ತುತ್ತದೆಯೇ? ಉಪ್ಪುನೀರಿನಲ್ಲಿ ನೆನೆಸಿದರೆ ಸಾಕು ಎನ್ನುತ್ತಾರೆ.
– ಓದುಗರು, ಹೊನ್ನಾಳಿ

ಉಪ್ಪು ಬಣ್ಣವನ್ನು ಹಿಡಿದಿಡುವುದಿಲ್ಲ. ಬಣ್ಣ ಹಾಕುವ ಹೊತ್ತಿಗೆ ಉಪ್ಪಿಗೆ ಕೆಲಸವಿದೆ, ನೇಯ್ದು ಉಟ್ಟು ಹಳತಾದ ಸೀರೆಗೆ ಅದರಿಂದ ಏನೂ ಆಗುವುದಿಲ್ಲ. ಸೀರೆಯ ಒಂದು ಮೂಲೆ ನೆನೆಸಿ, ಬಿಳಿ ಪಂಚೆಯ ತುಂಡಿನ ನಡುವೆ ಇಟ್ಟು, ಬಿಸಿ ಇಸ್ತ್ರಿಯಿಂದ ಒತ್ತಿ. ಪಂಚೆಗೆ ಕೆಂಪು ಹತ್ತಿದರೆ ಸೀರೆಯನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ ಮತ್ತೆ ಮತ್ತೆ ಒಗೆದು ಅದೇ ಪರೀಕ್ಷೆ ಮಾಡಿ. ಆಮೇಲೂ ಬಿಟ್ಟರೆ ಅದನ್ನು ಬಿಳಿಯ ಜೊತೆ ಸೇರಿಸಬೇಡಿ. ಕೆಂಪು, ಕಂದು, ಕಪ್ಪು ಸೀರೆಗಳ ಕೌದಿಗೆ ಎತ್ತಿಡಿ. ರೇಷ್ಮೆ ಸೆರಗಿದ್ದರೆ ಬಿಸಿನೀರಿಗೆ ಹಾಕುವ ಮೊದಲೇ ಕತ್ತರಿಸಿ ತೆಗೆದುಬಿಡಿ.